ಕೈ ನೋಡದ ಪ್ರಾಣಿ

ಜೆದ್ದಾದ ಶರಫಿಯಾದಲ್ಲಿ ನನ್ನದು ಸೂಟ್‌ಕೇಸಿನ ಅಂಗಡಿ. ಊರಿಗೆ ಹೋಗುವವರು ಹೊಸದು ಕೊಳ್ಳಲು ಬರುತ್ತಾರೆ, ಊರಿನಿಂದ ಬಂದವರು ಮುರಿದ ಚಕ್ರ ತೋರಿಸಲು ಬರುತ್ತಾರೆ. ಈ ದೇಶಕ್ಕೆ ಬಂದಾಗ ನನಗೆ ಗೊತ್ತಿದ್ದದ್ದು ಜಿಪ್ ಸರಿಮಾಡುವ ಕೆಲಸ ಒಂದೇ. ಬೇರೆಯವರ ಅಂಗಡಿಯ ಮೆಟ್ಟಿಲ ಮೇಲೆ ಕೂತು ಅದನ್ನೇ ಮಾಡುತ್ತಿದ್ದೆ. ಈಗ ಆ ಅಂಗಡಿಯನ್ನು ನಡೆಸುವವನು ನಾನು. ಅದರ ನಡುವಿನದ್ದು ದೊಡ್ಡ ಕಥೆ, ಇಲ್ಲಿ ಬೇಡ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಉಪಯೋಗಕ್ಕೆ ಬರುತ್ತದೆ. ಸೂಟ್‌ಕೇಸ್ ಕೊಳ್ಳುವಾಗ ಬಣ್ಣ ನೋಡಬೇಡಿ. ಚಕ್ರ ತಿರುಗಿಸಿ ನೋಡಿ, ಜಿಪ್ಪನ್ನು ಮೂಲೆಯಲ್ಲಿ ಎರಡು ಸಲ ಎಳೆದು ನೋಡಿ. ಮೂಲೆಯಲ್ಲಿ ತಡೆಯುವ ಜಿಪ್ ವಿಮಾನ ನಿಲ್ದಾಣದಲ್ಲೇ ಬಾಯಿ ಬಿಡುತ್ತದೆ. ಏನನ್ನೂ ನೋಡದೆ ಕೊಳ್ಳಬಾರದು. ನಾನು ನೋಡದೆ ಕೊಂಡದ್ದು ಇಷ್ಟು ವರ್ಷಗಳಲ್ಲಿ ಒಂದೇ ಒಂದು ಸಲ. ಆ ಒಂದು ಸಲದ್ದೇ ಈ ಬರಹ.

ಶುಕ್ರವಾರ ಜುಮ್ಮಾ ಮುಗಿದ ಮೇಲೆ ಶರಫಿಯಾದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹೆಂಡತಿ ನನಗೆ ಊಟ ತಂದರೆ ಜನ ಕರಗುವವರೆಗೆ ಅಂಗಡಿಯ ಒಳಗೇ ಕೂತಿರುತ್ತಾಳೆ. ಅಂಥ ಒಂದು ಶುಕ್ರವಾರ ಉಡುಪಿ ಕಡೆಯವರೊಬ್ಬರು ಬಂದರು. ಈ ದೇಶದ ಆ ತುದಿಯ ದಹ್ರಾನ್‌ನಲ್ಲಿ ಇಂಜಿನಿಯರ್. ಆಫ್ರಿಕಾದಲ್ಲಿ ಡೇರೆ ಹಾಕಿಕೊಂಡು ಸಫಾರಿ ಮಾಡಿ, ಜೆದ್ದಾದಲ್ಲಿ ಇಳಿದು, ಮನೆಗೆ ಹೋಗುವ ದಾರಿಯಲ್ಲಿದ್ದರು. ಅವರ ಬ್ಯಾಗಿನ ಜಿಪ್‌ನಲ್ಲಿ ಕೆಂಪು ಧೂಳು ತುಂಬಿ ಅದು ಅಲುಗುತ್ತಿರಲಿಲ್ಲ. ನಾನು ಬ್ರಶ್ಶು ಹಿಡಿದು ಧೂಳು ತೆಗೆಯುವಷ್ಟು ಹೊತ್ತು ಅವರು ಫೋನಿನಲ್ಲಿ ಚಿತ್ರ ತೋರಿಸಿದರು. ಆನೆ, ಜಿರಾಫೆ, ಡೇರೆಯ ಹಗ್ಗದ ಹತ್ತಿರವೇ ಮೇಯುತ್ತಿದ್ದ ಝೀಬ್ರಾ.

ಹೆಂಡತಿ ಎಲ್ಲ ನೋಡಿ ಒಂದೇ ಪ್ರಶ್ನೆ ಕೇಳಿದಳು. "ಅವು ನಿಮ್ಮನ್ನು ನೋಡಿ ಎಂತ ಮಾಡಿದವು?"

"ಎಂತ ಮಾಡುವುದು ಅಕ್ಕಾ? ನಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ನಾವು ಅಲ್ಲಿ ಇದ್ದೇವೆ ಅನ್ನುವುದೇ ಅವಕ್ಕೆ ಬೇಕಾಗಿರಲಿಲ್ಲ."

ಅವರು ಹೋದರು. ಮನೆಗೆ ಬಂದ ಮೇಲೆ ಅವಳು ಹೇಳಿದಳು, "ನನಗೆ ಅದು ನೋಡಬೇಕು."

"ಆನೆಯಾ?"

"ಆನೆಯೇ ಆಗಬೇಕಂತಿಲ್ಲ. ನನ್ನ ಕೈ ನೋಡದ ಒಂದು ಪ್ರಾಣಿ. ಈ ದೇಶದಲ್ಲಿ ನಾನು ಕಂಡ ಜೀವಿಗಳೆಲ್ಲ ನನ್ನ ಕೈ ನೋಡಿದವೇ. ಕಸದ ಡಬ್ಬಿಯ ಬೆಕ್ಕು, ಕಿಟಕಿಯ ಪಾರಿವಾಳ, ನಿಮ್ಮ ಮಗಳು, ನೀವು."

ನಾನು ನಕ್ಕೆ. ಅವಳು ನಗಲಿಲ್ಲ. ಆಗ ಅವಳು ಜೆದ್ದಾಕ್ಕೆ ಬಂದು ಹತ್ತೊಂಬತ್ತು ವರ್ಷ. ಮಗಳಿಗೆ ಮಂಗಳೂರಿನಲ್ಲಿ ಕಾಲೇಜು ಸಿಕ್ಕಿ, ಹಾಸ್ಟೆಲಿನ ಅನ್ನ ಹಿಡಿಸದೆ, ತಾಯಿ ಹೋಗಿ ಬಾಡಿಗೆ ಮನೆ ಮಾಡುವುದು ಎಂದು ತೀರ್ಮಾನವಾಗಿತ್ತು. ಹೆಂಡತಿಯ ಇಕಾಮಾ, ಅಂದರೆ ಇಲ್ಲಿ ಉಳಿಯುವ ಪರವಾನಗಿ, ಮುಗಿಸಿ ಫೈನಲ್ ಎಕ್ಸಿಟ್ ಹೊಡೆಸಿಯಾಗಿತ್ತು. ಫೈನಲ್ ಎಕ್ಸಿಟ್ ಎಂದರೆ ಒಮ್ಮೆ ದಾಟಿದ ಬಾಗಿಲು. ಆಫ್ರಿಕಾಕ್ಕೆ ಹೋಗಿ ಮತ್ತೆ ಜೆದ್ದಾಕ್ಕೆ ಬರುವ ಹಾಗಿಲ್ಲ. ಉಳಿದದ್ದು ಕೆಲವೇ ವಾರ. ಆದ್ದರಿಂದ ತೋರಿಸುವುದಾದರೆ ಇಲ್ಲೇ, ಈ ದೇಶದಲ್ಲೇ, ಅವಳು ಹೊರಡುವ ಮೊದಲೇ.

ಮೊದಲು ನಾನು ಸುಲಭದ ದಾರಿ ಹಿಡಿದೆ. ತಾಯಿಫ್‌ಗೆ ಹತ್ತುವ ಹದಾ ಘಾಟಿಯಲ್ಲಿ ಬಬೂನ್ ಕೋತಿಗಳು ಗುಂಪುಗುಂಪಾಗಿ ಇರುತ್ತವೆ. ಅವು ಆಫ್ರಿಕಾದಲ್ಲೂ ಇರುವ ಜಾತಿಯೇ ಎಂದು ಯಾರೋ ಹೇಳಿದ್ದು ನೆನಪಿತ್ತು, ಅದನ್ನೇ ಹೆಂಡತಿಗೂ ಹೇಳಿ ಕರೆದುಕೊಂಡು ಹೋದೆ. ಕಾರು ನಿಲ್ಲಿಸಿದ್ದೇ ತಡ ಒಂದು ದೊಡ್ಡ ಗಂಡು, ಕುತ್ತಿಗೆಯ ಸುತ್ತ ಬೂದು ಕೂದಲು ಹೊದ್ದುಕೊಂಡದ್ದು, ಬಾನೆಟ್ ಮೇಲೆ ಬಂದು ಕೂತಿತು. ಅವಳ ಕೈಯಿಂದ ಬಾಳೆಹಣ್ಣು ತೆಗೆದುಕೊಂಡಿತು. ಇನ್ನೊಂದು ಕೈಯಲ್ಲಿ ಎಂತ ಉಂಟು ಎಂದು ಬಗ್ಗಿ ನೋಡಿತು.

"ಇದು ಪ್ರಾಣಿಯಲ್ಲ ಮಾರಾಯ್ರೆ," ಎಂದಳು ಗಾಜು ಏರಿಸುತ್ತಾ. "ಇದು ನಿಮ್ಮ ಗಿರಾಕಿ."

ಗೈಡ್ ಸಿಕ್ಕಿದ್ದು ಅಂಗಡಿಯಲ್ಲೇ. ತಾಯಿಫ್ ದಾಟಿ ಪೂರ್ವದ ಬಯಲು ಕಡೆಯ ಒಬ್ಬ ಹಿರಿಯ ಬದೂ, ಅಂದರೆ ಮರುಭೂಮಿಯ ಅಲೆಮಾರಿ ಕುಲದವನು, ವರ್ಷಕ್ಕೆ ಎರಡು ಸಲ ಡೇರೆಯ ಜಿಪ್ ಸರಿ ಮಾಡಿಸಲು ಬರುತ್ತಿದ್ದ. ಪ್ರವಾಸಿಗಳನ್ನು ಮರುಭೂಮಿಗೆ ಕರೆದುಕೊಂಡು ಹೋಗಿ ಒಂದು ರಾತ್ರಿ ಡೇರೆಯಲ್ಲಿ ಉಳಿಸಿ, ಬೆಳಿಗ್ಗೆ ಅನುಮತಿ ಪತ್ರದ ಮೇಲೆ ಅಲ್ಲಿಯ ಸಂರಕ್ಷಿತ ಬಯಲಿನ ಒಳಗೆ ಸುತ್ತಿಸುವುದು ಅವನ ಕಸುಬು. ಒಳಗೆ ಜಿಂಕೆ ಉಂಟು, ಬಿಳಿ ಮೈಯ, ಕೋಲಿನ ಹಾಗೆ ನೇರ ಎರಡು ಕೊಂಬಿನ ಓರಿಕ್ಸ್ ಉಂಟು ಎಂದ. ಅರಬ್ಬಿಯಲ್ಲಿ ಅದಕ್ಕೆ ಮಹಾ ಎನ್ನುತ್ತಾರೆ. ಇಲ್ಲಿಯ ಬಯಲಿನಿಂದ ಅಳಿದೇಹೋಗಿದ್ದ ಪ್ರಾಣಿಯನ್ನು ಮತ್ತೆ ತಂದು ಬಿಟ್ಟದ್ದಂತೆ.

ದರದ ಚೌಕಾಸಿಯನ್ನು ಬರೆಯುವುದಿಲ್ಲ, ಅದು ಇಬ್ಬರ ನಡುವಿನದ್ದು. ಷರತ್ತಿನ ವಿಷಯ ಮಾತ್ರ ಹೇಳಬೇಕು. ನಮ್ಮ ಸಾಲಿನ ಅಂಗಡಿಗಳಲ್ಲಿ ಒಂದು ಪದ್ಧತಿ ಉಂಟು. ಸರಬರಾಜಿನವನು ಮಾಲು ತಂದು ಇಟ್ಟು ಹೋಗುತ್ತಾನೆ. ಮಾರಿಹೋದದ್ದಕ್ಕೆ ಹಣ, ಉಳಿದದ್ದು ವಾಪಸ್. ನಾನು ಮೇಲೆ ಬಂದದ್ದೇ ಆ ಪದ್ಧತಿಯಿಂದ. ಕೈಯಲ್ಲಿ ಕಾಸಿಲ್ಲದಾಗ ಅಂಗಡಿ ತುಂಬಿಸಿದ್ದು ಹಾಗೆ. ಅದನ್ನೇ ಪ್ರಾಣಿಗಳಿಗೂ ಹಾಕಿದೆ.

"ಯಾ ಶೇಖ್, ಪ್ರಾಣಿ ಕಂಡರೆ ಪೂರ್ತಿ ಕೊಡುತ್ತೇನೆ. ಕಾಣದಿದ್ದರೆ ಪೆಟ್ರೋಲಿನದ್ದು ಮಾತ್ರ."

ಅವನು ಡೇರೆಯ ಜಿಪ್ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಎಳೆದ. ನನ್ನ ಮುಖ ನೋಡಿದ. "ತಯ್ಯಿಬ್," ಎಂದ. ಆಯ್ತು ಎಂದು ಅರ್ಥ.

ಕೇಳಿದ ಕೂಡಲೇ ಎದುರಿನವನು ಒಪ್ಪಿಕೊಂಡರೆ ನೀವು ಅಲ್ಲೇ ಕೂತು ಯೋಚಿಸಬೇಕು. ನಾನು ಯೋಚಿಸಲಿಲ್ಲ. ಸಂತೋಷದಲ್ಲಿ ಹೆಂಡತಿಗೆ ಫೋನ್ ಮಾಡಿದೆ. "ನೋಡು ಮಾರಾಯ್ತಿ, ಗ್ಯಾರಂಟಿ ಇರುವ ಸಫಾರಿ. ಆಫ್ರಿಕಾದಲ್ಲೂ ಹೀಗೆ ಸಿಗುವುದಿಲ್ಲ."

"ಪ್ರಾಣಿಗಳಿಗೆ ಗೊತ್ತುಂಟಾ ಈ ಗ್ಯಾರಂಟಿ?" ಎಂದಳು.

ಗುರುವಾರ ಬೆಳಿಗ್ಗೆ ಹೊರಟೆವು. ತಾಯಿಫ್‌ನಲ್ಲಿ ನಮ್ಮ ಕಾರು ಬಿಟ್ಟು ಗೈಡ್‌ನ ಪಿಕಪ್ ಹತ್ತಿದೆವು. ಊರು ಮುಗಿಯಿತು, ಗುಡ್ಡ ಮುಗಿಯಿತು, ಆಮೇಲೆ ಕಲ್ಲಿನ ಪುಡಿ ಚೆಲ್ಲಿದ ಹಾಗೆ ಬಯಲು. ಅಲ್ಲೊಂದು ಇಲ್ಲೊಂದು ಮುಳ್ಳಿನ ಮರ, ಮೇಲಿನಿಂದ ಒತ್ತಿ ಚಪ್ಪಟೆ ಮಾಡಿದಂಥವು. ಹೆಂಡತಿ ಊರಿಗೆ ಹೋಗುವವಳ ಹಾಗೆ ಕಟ್ಟಿಕೊಂಡು ಬಂದಿದ್ದಳು: ಪತ್ತಿರಿ, ಒಣಮೀನಿನ ಚಟ್ನಿ, ಉಪ್ಪಿನಕಾಯಿ, ಪ್ಲಾಸ್ಟಿಕ್ ಚಾಪೆ. ಮರುಭೂಮಿಗೆ ಡೇರೆ ಹಾಕಲು ಹೋಗುವವರಿಗೆ ನನ್ನ ಸಲಹೆ: ಪ್ಲಾಸ್ಟಿಕ್ ಚಾಪೆ ಬೇಡ, ಕೂತರೆ ಎದ್ದರೆ ಸದ್ದು ಮಾಡುತ್ತದೆ. ಒಣಮೀನು ಅಂತೂ ಬೇಡವೇ ಬೇಡ. ಡಬ್ಬಿ ತೆರೆದ ಕೂಡಲೇ ಗೈಡ್ ಮೂಗು ಮುಚ್ಚಿಕೊಂಡು, "ಇದನ್ನು ಗಾಡಿಯೊಳಗೆ ಇಟ್ಟು ಗಾಜು ಏರಿಸು. ಇಲ್ಲದಿದ್ದರೆ ನರಿಗಳು ನಿನ್ನ ಡೇರೆಗೇ ಬರುತ್ತವೆ," ಎಂದ.

"ಬರಲಿ, ಅದೂ ಪ್ರಾಣಿಯೇ ಅಲ್ವಾ?" ಎಂದೆ ನಾನು.

"ಅವೂ ಕೈ ನೋಡಿಕೊಂಡೇ ಬರುವುದು," ಎಂದು ಹೆಂಡತಿ ಡಬ್ಬಿ ಮುಚ್ಚಿದಳು.

ಡೇರೆ ಎದ್ದ ಮೇಲೆ, ಸಂಜೆಮುಂಚಿನ ಅಸರ್ ನಮಾಜಿನ ನಂತರ, ಗೈಡ್ ತಾನಾಗಿಯೇ ಹೇಳಿದ, "ಯಲ್ಲಾ, ಈಗಲೇ ಒಂದು ಸುತ್ತು ಹೋಗಿ ಬರುವ." ಬೆಳಿಗ್ಗೆಯವರೆಗೆ ಕಾಯಬೇಕಾಗಿಲ್ಲ ಎಂದು ನನಗೆ ಇನ್ನೂ ಸಂತೋಷ. ಅರ್ಧ ಗಂಟೆ ಓಡಿಸಿದ. ಒಣ ಹೊಳೆಯ ಪಾತ್ರದಂಥ ಒಂದು ತಗ್ಗು, ಅದರ ಮಧ್ಯ ಮುಳ್ಳಿನ ಮರ, ಮರದ ಕೆಳಗೆ ಜಿಂಕೆ. ಚಿತ್ರಕ್ಕೆ ನಿಂತ ಹಾಗೆ ನಿಂತಿತ್ತು. ಬೆನ್ನು ತಿಳಿ ಕಂದು, ಹೊಟ್ಟೆ ಬಿಳಿ, ಕಣ್ಣು ಇಷ್ಟು ದೊಡ್ಡದು. ನಾನು ಗಾಡಿಯಿಂದಲೇ ಇಪ್ಪತ್ತು ಮೂವತ್ತು ಫೋಟೋ ಹೊಡೆದೆ. ನನ್ನ ಷರತ್ತು ಎಷ್ಟು ಚೆನ್ನಾಗಿ ಕೆಲಸ ಮಾಡಿತು ಎಂದು ಮನಸ್ಸಿನಲ್ಲೇ ನನ್ನ ಬೆನ್ನು ತಟ್ಟಿಕೊಂಡೆ.

ಹೆಂಡತಿ ಬಾಗಿಲು ತೆರೆದು ಇಳಿದಳು. ಗೈಡ್ ಬೇಡ ಎಂದ, ಅವಳು ಕೇಳಲಿಲ್ಲ. ನಾಲ್ಕು ಹೆಜ್ಜೆ ನಡೆದಳು. ಜಿಂಕೆ ತಲೆ ಎತ್ತಿತು, ಓಡಲಿಲ್ಲ. ಅದೇ ಅವಳ ಕಡೆ ನಡೆದು ಬಂತು. ಮೂಗು ಮುಂದೆ ಚಾಚಿ ಅವಳ ಅಂಗೈ ಮೂಸಿತು, ಆಮೇಲೆ ಇನ್ನೊಂದು ಅಂಗೈ. ಅವಳು ಅದರ ಕುತ್ತಿಗೆಯನ್ನು ಒಂದು ಸಲ ಸವರಿ ಗಾಡಿಗೆ ವಾಪಸ್ ಬಂದಳು.

"ಎಷ್ಟು ಚಂದ ಅಲ್ವಾ?" ಎಂದೆ.

"ಚಂದ. ರಾತ್ರಿ ಇದನ್ನು ಎಲ್ಲಿ ಕಟ್ಟುತ್ತಾರೆ, ಕೇಳಿ."

ಆಗ ನಾನೂ ಸರಿಯಾಗಿ ನೋಡಿದೆ. ಕುತ್ತಿಗೆಯ ಸುತ್ತ ಹಗ್ಗ ಉಜ್ಜಿ ಕೂದಲು ಸವೆದು, ಬೆರಳಿನ ಅಗಲದ ಒಂದು ಗೆರೆ ಇತ್ತು. ಹ್ಯಾಂಡಲ್ ಸವೆದ ಬ್ಯಾಗನ್ನು ಹತ್ತು ಅಡಿ ದೂರದಿಂದ ಗುರುತಿಸುವವನು ನಾನು. ಅದು ನನ್ನ ಕಣ್ಣಿಗೆ ಬೀಳಲಿಲ್ಲ, ಅವಳ ಕಣ್ಣಿಗೆ ಬಿತ್ತು.

ಡೇರೆಗೆ ಬಂದು ಗೈಡ್‌ನ ಎದುರು ಕೂತೆ. ಅವನು ಸುಲೈಮಾನಿ ಚಾ ಮಾಡುತ್ತಿದ್ದ. ಅವನಿಗೆ ನಾಚಿಕೆಯಾಗಬಹುದು ಅಂದುಕೊಂಡಿದ್ದೆ.

"ಶೇಖ್, ಅದು ಸಾಕಿದ ಜಿಂಕೆ."

"ಹೌದು. ನನ್ನ ದಾಯಾದಿಯ ತೋಟದ್ದು. ಬಾಟಲಿ ಹಾಲು ಕುಡಿದು ಬೆಳೆದದ್ದು."

"ನನಗೆ ಮೋಸ ಮಾಡಿದಿ."

"ಪ್ರಾಣಿ ಕಂಡರೆ ಪೂರ್ತಿ ಅಂದೆ ನೀನು. ಕಂಡಿತು. ಎಂಥ ಪ್ರಾಣಿ ಅಂತ ನೀನು ಹೇಳಿರಲಿಲ್ಲ." ಅವನು ಚಾ ಬಗ್ಗಿಸಿ ನನ್ನ ಮುಂದಿಟ್ಟ. "ಯಾ ಸದೀಕ್, ಗೆಳೆಯಾ, ಒಳಗಿರುವ ಮಹಾಗಳು ನನ್ನ ಮಾತು ಕೇಳುವುದಿಲ್ಲ. ಬಂದರೆ ಬಂದವು, ಇಲ್ಲದಿದ್ದರೆ ಇಲ್ಲ. ಗಾಡಿ ನನ್ನದು, ಎರಡು ದಿನ ನನ್ನದು. ಅವು ಬಾರದಿದ್ದರೆ ಪೂರಾ ನಷ್ಟವೂ ನನ್ನದೇ. ಅದನ್ನು ನೀನು ನನ್ನ ತಲೆಗೆ ಕಟ್ಟಿದಿ. ಹಾಗೆ ಕಟ್ಟಿದವರಿಗೆ ನಾನು ತೋಟದ ಜಿಂಕೆ ತೋರಿಸುತ್ತೇನೆ. ಹೆಚ್ಚಿನವರು ಸಂತೋಷದಿಂದಲೇ ಹೋಗುತ್ತಾರೆ. ನೀನೂ ಸಂತೋಷದಲ್ಲೇ ಇದ್ದಿ."

ಮಾರಿದರೆ ಹಣ ಎಂಬ ಷರತ್ತಿನಲ್ಲಿ ನನ್ನ ಅಂಗಡಿಗೆ ಬರುವ ಸೂಟ್‌ಕೇಸ್‌ಗಳು ಯಾವುವು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೋದಾಮಿನಲ್ಲಿ ಉಳಿದದ್ದು, ಚಕ್ರ ವಾಲುವುದು, ಬಣ್ಣ ಮಾಸಿದ್ದು. ಒಳ್ಳೆಯ ಮಾಲು ಬೇಕಾದರೆ ಮೊದಲೇ ಹಣ ಇಟ್ಟು ತರಬೇಕು. ಗಿರಾಕಿಗಳಿಗೆ ನಾನು ಹೇಳುವುದಿಲ್ಲ ಅಷ್ಟೆ.

ಹೆಂಡತಿ ಡೇರೆಯ ಬಾಗಿಲಲ್ಲಿ ಕೂತು ಕೇಳುತ್ತಿದ್ದಳು. ಅವಳ ಅರಬ್ಬಿ ನನ್ನದಕ್ಕಿಂತ ವಾಸಿ. ನನ್ನದು ಅಂಗಡಿಯ ಅರಬ್ಬಿ, ಅವಳದು ನೆರೆಮನೆಯವರದ್ದು.

"ಅವರಿಗೆ ಪೂರ್ತಿ ಕೊಟ್ಟುಬಿಡಿ," ಎಂದಳು. "ಈಗಲೇ."

"ನಾಳೆ ಕಾಣದಿದ್ದರೆ?"

"ಕಾಣದಿದ್ದರೆ ಕಾಣಲಿಲ್ಲ."

"ಮಾರಾಯ್ತಿ, ಹಾಗೆ ಯಾರೂ ವ್ಯಾಪಾರ ಮಾಡುವುದಿಲ್ಲ."

"ನನಗೆ ವ್ಯಾಪಾರ ಮುಗಿಯಿತು. ಇನ್ನು ಹದಿನೈದು ದಿನಕ್ಕೆ ವಿಮಾನ. ತೋಟದ ಜಿಂಕೆ ಕಂಡು ಊರಿಗೆ ಹೋಗುವುದಾದರೆ ನಮ್ಮ ತಂಗಿಯ ಮನೆಯಲ್ಲಿ ಆಡುಗಳೇ ಉಂಟು."

ನಾನು ಕೊಟ್ಟೆ. ಗೈಡ್ ಎಣಿಸದೆ ಜೇಬಿಗೆ ಹಾಕಿಕೊಂಡ. ಆಮೇಲೆ ಬೇರೆ ಮನುಷ್ಯನೇ ಆದ. ಎದ್ದು ಗಾಳಿ ಯಾವ ಕಡೆಯಿಂದ ಎಂದು ನೋಡಿದ. ನನ್ನ ಹತ್ತಿರ ಬಂದು ಮೂಸಿದ. "ಊದ್ ಅತ್ತರು ಹಚ್ಚಿಕೊಂಡಿದ್ದಿ. ತೊಳಿ. ತಾಯಿಫ್‌ವರೆಗೆ ವಾಸನೆ ಹೋಗುತ್ತದೆ." ಫೋನ್ ಗಾಡಿಯಲ್ಲೇ ಇರಬೇಕು. ಮಾತು ಇಲ್ಲ, ಕೆಮ್ಮು ಬಂದರೆ ಬಟ್ಟೆ ಕಚ್ಚಬೇಕು. ಮೂರು ಗಂಟೆ ಕೂತಲ್ಲಿಂದ ಏಳುವ ಹಾಗಿಲ್ಲ. ಯಾವಾಗ ಬರುತ್ತದೆ ಎಂದು ಕೇಳುವ ಹಾಗೂ ಇಲ್ಲ.

"ಎರಡು ಗಂಟೆ ಮಾಡುವ," ಎಂದೆ, ಬಾಯಿಯ ಅಭ್ಯಾಸ.

"ಮೂರು," ಎಂದ. ಹಣ ಕೊಟ್ಟ ಮೇಲೆ ಚೌಕಾಸಿ ನಡೆಯುವುದಿಲ್ಲ ಎಂಬುದನ್ನು ಈ ವಯಸ್ಸಿನಲ್ಲಿ ಕಲಿತೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಚಳಿಯಿಂದಲ್ಲ, ನೆಲ ಗಟ್ಟಿ ಎಂದೂ ಅಲ್ಲ. ಮಾಲು ನೋಡದೆ ಹಣ ಕೊಟ್ಟೆನಲ್ಲ ಎಂದು. ಹೆಂಡತಿ ಮಗುವಿನ ಹಾಗೆ ನಿದ್ದೆ ಮಾಡಿದಳು.

ನಸುಕಿನ ಫಜರ್ ನಮಾಜು ಮುಗಿಸಿ, ಕಾವಲಿನವನಿಗೆ ಅನುಮತಿ ಪತ್ರ ತೋರಿಸಿ ಬೇಲಿಯ ಒಳಗೆ ಹೋದೆವು. ಗೈಡ್ ಗಾಡಿಯನ್ನು ದೂರದಲ್ಲೇ ಬಿಟ್ಟು, ಒಂದು ಸಣ್ಣ ದಿಬ್ಬದ ಹಿಂದೆ ನಮ್ಮನ್ನು ಕೂರಿಸಿದ. ಮುಂದೆ ಅಲ್ಲಲ್ಲಿ ಒಣಹುಲ್ಲು ಎದ್ದ ಬಯಲು. ಎಡಕ್ಕೆ ಅವನು, ನಡುವೆ ಹೆಂಡತಿ, ಬಲಕ್ಕೆ ನಾನು. ಹೆಂಡತಿ ಶಾಲು ಹೊದ್ದು, ಖಾಲಿ ಕೈಗಳನ್ನು ಮೊಣಕಾಲಿನ ಮೇಲೆ ಅಂಗೈ ಮೇಲಾಗಿ ಇಟ್ಟುಕೊಂಡಿದ್ದಳು. ಬೆಳಕು ಬಂತು. ಮರಳಿನ ಮೇಲೆ ಒಂದು ಕಪ್ಪು ಹುಳು ನನ್ನ ಚಪ್ಪಲಿಯಿಂದ ಹೊರಟು ದಿಬ್ಬದ ತುದಿಯವರೆಗೆ ಹೋಯಿತು, ಅದರ ಕಾಲಿನ ಗುರುತು ಹೊಲಿಗೆ ಹಾಕಿದ ಹಾಗೆ ಇತ್ತು. ಒಂದು ಸಣ್ಣ ಹಕ್ಕಿ ಬಂದು ಹೋಯಿತು. ಅಷ್ಟೆ. ಗೈಡ್‌ನ ಮುಖ ನೋಡಿದೆ, ಅವನು ನನ್ನ ಕಡೆ ತಿರುಗಲಿಲ್ಲ. ಕೇಳುವ ಹಾಗಿಲ್ಲ, ಎದ್ದು ನಡೆಯುವ ಹಾಗಿಲ್ಲ, ಫೋನ್ ಇಲ್ಲ. ಬಿಸಿಲು ಬೆನ್ನಿಗೆ ಹಿತವಾಗಿ ತಾಗತೊಡಗಿತು. ಸ್ವಲ್ಪ ಕಣ್ಣು ಮುಚ್ಚಿದೆ. ಒಂದು ನಿಮಿಷ ಅಂದುಕೊಂಡಿದ್ದೆ.

ಕಣ್ಣು ಬಿಟ್ಟಾಗ ಬಿಸಿಲು ಕುತ್ತಿಗೆ ಸುಡುತ್ತಿತ್ತು. ಗೈಡ್ ಎದ್ದು ನಿಂತು ಮೈಯ ಮರಳು ಕೊಡವಿಕೊಳ್ಳುತ್ತಿದ್ದ. ಹೆಂಡತಿ ಕೂತ ಹಾಗೆಯೇ ಕೂತು, ಬಯಲು ನೋಡುತ್ತಿದ್ದಳು.

"ಎಂತ ಆಯ್ತು? ಬರಲಿಲ್ವಾ?"

"ಬಂದು ಹೋದವು," ಎಂದಳು.

"ನನ್ನನ್ನು ಏಳಿಸಬಾರದಿತ್ತಾ?"

"ಮಾತಾಡಬಾರದು ಅಂದಿದ್ದರಲ್ವಾ."

"ಚಿವುಟಬಹುದಿತ್ತು ಮಾರಾಯ್ತಿ."

"ಚಿವುಟಿದರೆ ನೀವು ಸುಮ್ಮನೆ ಏಳುವವರಾ? ಎಂತ, ಎಲ್ಲಿ, ಎಷ್ಟು ಅಂತ ಶುರುಮಾಡುತ್ತಿದ್ದಿರಿ. ಗೊರಕೆ ಇರಲಿಲ್ಲ, ಅದೇ ಪುಣ್ಯ."

ಗೈಡ್‌ಗೆ ಕನ್ನಡ ತಿಳಿಯದು, ಆದರೂ ನಕ್ಕ.

ನಾನು ಸುಮ್ಮನೆ ಒಪ್ಪಿಕೊಳ್ಳುವವನಲ್ಲ. ನಿನ್ನೆ ಮೋಸ ಹೋದವನು ಇವತ್ತೂ ಹೋಗಬಾರದಲ್ಲ. ಗೈಡ್ ಗಾಡಿ ತರಲು ಹೋದಾಗ ಹೆಂಡತಿಯನ್ನು ಕೇಳಿದೆ, ಎಷ್ಟು ಇದ್ದವು? ಮೂರು ಎಂದಳು. ಬಿಳಿ ಬಿಳಿ, ಕಾಲು ಮಾತ್ರ ಸಾಕ್ಸ್ ಹಾಕಿದ ಹಾಗೆ ಕಪ್ಪು. ಒಂದಕ್ಕೆ ಎಡಗೊಂಬಿನ ತುದಿ ಮುರಿದಿತ್ತು. ಆಮೇಲೆ ಅವಳು ದೂರ ಇದ್ದಾಗ ಗೈಡ್‌ನನ್ನು ಬೇರೆಯಾಗಿ ಕೇಳಿದೆ. ಮೂರು ಎಂದ, ಒಂದಕ್ಕೆ ಬಲಗೊಂಬು ಮುರಿದಿದೆ, ನನಗೆ ಅದರ ಗುರುತು ಉಂಟು ಎಂದ. ಎಡ ಬಲ ಮಾತ್ರ ಹೊಂದಲಿಲ್ಲ. ಎದುರಿಗೆ ನಿಂತದ್ದನ್ನು ನೋಡಿದವರಿಗೆ ಎಡ ಬಲ ಹಾಗೇ ಆಗುತ್ತದೆ ಎಂದು ಬಿಟ್ಟುಬಿಟ್ಟೆ. ನಮ್ಮ ಬೀದಿಯ ಅಗಲದಷ್ಟು ಮುಂದೆ ಹೋಗಿ ನೋಡಿದೆ. ಗೊರಸಿನ ಗುರುತು ಇತ್ತು, ಹೊಸದು, ಅಂಚು ಉದುರಿರಲಿಲ್ಲ. ಬೆರಳು ಇಟ್ಟು ನೋಡಿದೆ. ಅಷ್ಟು ಹತ್ತಿರದಿಂದ ಹೋಗಿದ್ದವು.

"ನಿನ್ನನ್ನು ನೋಡಿದವಾ?" ಎಂದು ವಾಪಸ್ ಬರುವಾಗ ಗಾಡಿಯಲ್ಲಿ ಕೇಳಿದೆ.

"ಒಂದು ನೋಡಿತು. ಆ ಮುರಿದ ಕೊಂಬಿನದ್ದು. ಗೋಡೆ ನೋಡುವ ಹಾಗೆ ನೋಡಿತು, ಮತ್ತೆ ಹುಲ್ಲಿಗೆ ಬಾಯಿ ಹಾಕಿತು." ತನ್ನ ಅಂಗೈ ನೋಡಿಕೊಂಡು, "ನಾನು ಎಂತದೂ ಕೊಡಬೇಕಾಗಿರಲಿಲ್ಲ," ಎಂದಳು.

ತಾಯಿಫ್ ತಲುಪಿ ಪಿಕಪ್ ಇಳಿಯುವಾಗ ಅವಳು ಒಣಮೀನಿನ ಚಟ್ನಿಯನ್ನು ಗೈಡ್‌ಗೆ ಕೊಡಲು ಹೋದಳು, ಅವನು ಎರಡೂ ಕೈ ಎತ್ತಿ ಬೇಡ ಎಂದ.

ಹದಿನೈದು ದಿನದ ನಂತರ ಅವಳು ಹೋದಳು. ಅಂಗಡಿಯ ಅತ್ಯಂತ ಒಳ್ಳೆಯ ಸೂಟ್‌ಕೇಸ್ ಕೊಟ್ಟು ಕಳುಹಿಸಿದೆ, ಮೊದಲೇ ಹಣ ಕೊಟ್ಟು ತರಿಸಿದ್ದು, ಷರತ್ತಿನದ್ದಲ್ಲ. ಮಂಗಳೂರು ತಲುಪಿದ ದಿನ ತಾಯಿ ಮಗಳು ಇಬ್ಬರೂ ವಿಡಿಯೋ ಕಾಲ್ ಮಾಡಿದರು. ತಾಯಿ ಬಾಡಿಗೆ ಮನೆಯ ಅಡಿಗೆಮನೆ ತೋರಿಸಿ, ನಲ್ಲಿ ತಿರುಗಿಸಿ ತೋರಿಸಿ, ಆಮೇಲೆ ಮಗಳಿಗೆ ಮರುಭೂಮಿಯ ಕಥೆ ಹೇಳತೊಡಗಿದಳು. ಮಗಳು ಈಗಿನವಳು.

"ಫೋಟೋ ಎಲ್ಲಿ ಉಮ್ಮಾ?"

"ಫೋಟೋ ಇಲ್ಲ."

"ಫೋಟೋ ಇಲ್ಲದೆ ಯಾರು ನಂಬುತ್ತಾರೆ? ಉಪ್ಪಾ, ಉಮ್ಮ ಹೇಳುವುದು ಹೌದಾ? ನೀವು ನೋಡಿದ್ರಾ?"

ಫೋನಿನಲ್ಲಿ ಹೆಂಡತಿಯ ಮುಖ ಮಗಳ ಹೆಗಲ ಹಿಂದೆ ಕಾಣುತ್ತಿತ್ತು. ಅವಳು ಏನೂ ಸನ್ನೆ ಮಾಡಲಿಲ್ಲ. ನಾನು ಏನು ಹೇಳುತ್ತೇನೆ ಎಂದು ಕಾಯುತ್ತಿದ್ದಳು. ಜಿಪ್ ಎಳೆದು ನೋಡದ ಮಾಲಿಗೆ ನಾನು ಯಾವತ್ತೂ ಗ್ಯಾರಂಟಿ ಕೊಟ್ಟವನಲ್ಲ.

"ಮೂರು ಇದ್ದವು," ಎಂದೆ. "ಬಿಳಿ. ಒಂದರ ಕೊಂಬು ಮುರಿದಿತ್ತು."

"ಯಾವ ಕೊಂಬು?" ಎಂದಳು ಮಗಳು. ನನ್ನ ಮಗಳಲ್ಲವಾ.

"ಎಡಗೊಂಬು," ಎಂದೆ.